ಟೀವಿಗೊಂದು ದೋಣಿ

ನಮ್ಮ ಮನೆಯ ಹಿಂದಿನ ಮಾಡಿನಡಿ ಹನ್ನೊಂದು ಮಳೆಗಾಲ ಒಂದು ದೋಣಿ ಇತ್ತು. ಹೊರಗಿನಿಂದ ಬಂದವರ ಕಣ್ಣಿಗೆ ಅದು ಬೀಳುತ್ತಿರಲಿಲ್ಲ. ಅವರಿಗೆ ಕಾಣುತ್ತಿದ್ದದ್ದು ನಾಲ್ಕು ಕಲ್ಲುಗಳ ಮೇಲೆ, ನಡುನಡುವೆ ರೀಪು ಕೊಟ್ಟು, ಒಂದರ ಮೇಲೊಂದು ಪೇರಿಸಿಟ್ಟ ಹದಿನೆಂಟು ಅಡಿ ಉದ್ದದ ಹೆಬ್ಬಲಸಿನ ಹಲಗೆಗಳು ಮಾತ್ರ. ಮನೆಯವರಾದ ನಾವು ಅದನ್ನು ಹಲಗೆ ಎಂದು ಕರೆದದ್ದಿಲ್ಲ. ಮಳೆಗಾಲದಲ್ಲಿ ಅಮ್ಮ ಒದ್ದೆ ಬಟ್ಟೆ ಹರಡುತ್ತಿದ್ದದ್ದು ದೋಣಿಯ ಮೇಲೆ. ಬೆಕ್ಕು ಮರಿ ಹಾಕಿದ್ದು ದೋಣಿಯ ಅಡಿಯಲ್ಲಿ. ನನ್ನ ಹೆಂಡತಿ ಮದುವೆಯಾಗಿ ಬಂದ ಹೊಸತರಲ್ಲಿ, ಗುಡಿಸುವ ಹಿಡಿಸೂಡಿ ದೋಣಿಯ ಆಚೆ ಇದೆ ಎಂದು ಅಮ್ಮ ಹೇಳಿದ್ದನ್ನು ನಂಬಿ, ಪಾಪ, ಹೊಳೆಯ ದಡದವರೆಗೆ ಹೋಗಿ ಬರಿಗೈಯಲ್ಲಿ ವಾಪಸು ಬಂದಿದ್ದಳು.

ದೋಣಿ ಅಪ್ಪಯ್ಯನದು. ಹದಿನಾರನೇ ವಯಸ್ಸಿನಿಂದ ಅವರು ಗಂಗೊಳ್ಳಿಯಲ್ಲಿ ಬೇರೆಯವರ ದೋಣಿಗಳಲ್ಲಿ ಬಲೆ ಎಳೆದವರು. ಒಂದೇ ಒಂದು ಸಲ ತನ್ನದೇ ದೋಣಿಯಲ್ಲಿ, ಹೊಳೆ ಕಡಲಿಗೆ ಸೇರುವ ಅಳಿವೆ ದಾಟಬೇಕು ಎಂಬುದು ಅವರ ಆಸೆ. ಆಸೆ ಎಂದು ಅವರು ಬಾಯಿಬಿಟ್ಟು ಹೇಳಿದವರಲ್ಲ. ೧೯೯೭ರಲ್ಲಿ ಕೊಕ್ಕರ್ಣೆಯ ಕಡೆ ಯಾರದೋ ಹಿತ್ತಲಲ್ಲಿ ನಿಂತಿದ್ದ ಮರವೊಂದನ್ನು ಸುತ್ತು ಬಂದು, ತಟ್ಟಿ, ಕಿವಿಯಿಟ್ಟು ಕೇಳಿ, ಹೆಣ್ಣು ನೋಡಲು ಹೋದವರಷ್ಟೇ ಗಾಂಭೀರ್ಯದಿಂದ ಒಪ್ಪಿಬಂದದ್ದರಿಂದ ನಮಗೆ ಗೊತ್ತಾಯಿತು. ಬ್ರಹ್ಮಾವರದ ಮಿಲ್ಲಿನಲ್ಲಿ ಕೊಯ್ಸಿದ ಹಲಗೆಗಳು ಲಾರಿಯಲ್ಲಿ ಬಂದವು. ದೋಣಿ ಕಟ್ಟುವ ಆಚಾರ್ರಿಗೆ ವೀಳ್ಯ ಕೊಟ್ಟದ್ದೂ ಆಯಿತು. ಮರ ಒಣಗಲು ಒಂದು ವರ್ಷ ಬೇಕು ಎಂದರು ಆಚಾರ್ರು. ಮರ ವಿಧೇಯವಾಗಿ ಒಣಗಿತು. ಆಮೇಲೆ ಪ್ರತಿ ವರ್ಷವೂ ಹೊಸದೊಂದು ಕಾರಣ ಹುಟ್ಟಿತು. ಪಾಲಿಗೆ ಸೇರುತ್ತೇನೆ ಎಂದಿದ್ದ ನೆಂಟರು ಟ್ರಾಲರಿಗೆ ಸೇರಿದರು. ಫೈಬರ್ ದೋಣಿಗಳು ಬಂದವು. ಮರದ ದೋಣಿ ಎಂದರೆ ಜನ ಮುದುಕರನ್ನು ನೋಡುವ ಹಾಗೆ ನೋಡತೊಡಗಿದರು. ಕಡೆಗೆ ಅಪ್ಪಯ್ಯನ ಎಡಮಂಡಿ ಯಾರನ್ನೂ ಕೇಳದೆ ನಿವೃತ್ತಿ ಘೋಷಿಸಿತು. "ಈ ಮಳಿ ಒಂದ್ ಕಳೀಲಿ" ಎಂಬುದು ಮಾತ್ರ ಅವರ ಬಾಯಲ್ಲಿ ಹಾಗೆಯೇ ಉಳಿಯಿತು.

ಈ ಪವಿತ್ರ ಮರದ ಮೇಲೆ ನನ್ನ ಟೀವಿಯ ದೃಷ್ಟಿ ಬಿದ್ದದ್ದು ೨೦೦೮ರಲ್ಲಿ. ನಿಜ ಹೇಳಬೇಕೆಂದರೆ ದೃಷ್ಟಿ ಹಾಕಿದವನು ನಾನಲ್ಲ. ಆದರೆ ಶುರುವಾದದ್ದು ನನ್ನಿಂದಲೇ.

ಕುಂದಾಪುರದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನಾನು ಆ ವರ್ಷ ಬೇಸಗೆ ರಜೆ ಶುರುವಾಗುವ ಹೊತ್ತಿಗೆ ಹೆಂಡತಿಯೊಡನೆ ಬ್ರಹ್ಮಾವರಕ್ಕೆ, ಅವಳ ಅಣ್ಣನ ಮನೆಗೆ ಹೋಗಿದ್ದೆ. ಭಾವ ಮುಂಬಯಿಯಲ್ಲಿ ಇಪ್ಪತ್ತು ವರ್ಷ ಹೋಟೆಲು ನಡೆಸಿ ಬಂದವರು. ಅವರು ನನ್ನನ್ನು ಸೋಫಾದ ನಡುಮಧ್ಯೆ ಕೂರಿಸಿ, ಕಿಟಕಿಗಳ ಪರದೆ ಎಳೆದು, ಹೋಮ್ ಥಿಯೇಟರ್ ಎಂಬುದನ್ನು ಚಾಲೂ ಮಾಡಿದರು. ಪರದೆಯ ಮೇಲೆ ಕಾಡು. ಸ್ವಲ್ಪ ಹೊತ್ತಿನಲ್ಲಿ ನನ್ನ ಬೆನ್ನ ಹಿಂದಿನಿಂದ ಒಂದು ಹೆಲಿಕಾಪ್ಟರ್ ಬಂತು. ನಲವತ್ತೆರಡು ವರ್ಷದ, ಪೈಥಾಗೊರಸನ ಪ್ರಮೇಯವನ್ನು ನಿದ್ದೆಯಲ್ಲೂ ಸಾಧಿಸಬಲ್ಲ ನಾನು ತಿರುಗಿ ನೋಡಿದೆ. ಹಿಂದೆ ಹೆಂಡತಿ ಅವಲಕ್ಕಿಯ ತಟ್ಟೆ ಹಿಡಿದು ನಿಂತಿದ್ದಳು. ಹೆಲಿಕಾಪ್ಟರ್ ಅಡುಗೆಮನೆಯ ಕಡೆಗೆ ಹೋಯಿತು, ಬೇಕಿದ್ದರೆ ಅಲ್ಲಿ ಹುಡುಕಬಹುದು ಎಂದಳು.

ಆ ಕ್ಷಣದಿಂದ ನನ್ನ ಮನಸ್ಸು ನನ್ನ ಸ್ವಾಧೀನದಲ್ಲಿರಲಿಲ್ಲ. ಮರಳುವಾಗ ಬಸ್ಸಿನ ಕಿಟಕಿಯಾಚೆ ಗದ್ದೆಗಳು, ಹೊಳೆಗಳು, ತೆಂಗುಗಳು ಎಲ್ಲವೂ ಎಡ ಸ್ಪೀಕರಿನಿಂದ ಬಲ ಸ್ಪೀಕರಿಗೆ ಸಾಗಿಹೋದವು. ನಾವು ಹೊರಡುವಾಗ ಭಾವ ಒಂದು ಎಚ್ಚರಿಕೆ ಕೊಟ್ಟಿದ್ದರು. ಅವರ ಟೀವಿಯ ಕಪಾಟು ಪ್ಲೈವುಡ್ಡಿನದು; ಒಂದೇ ಮಳೆಗಾಲಕ್ಕೆ ಅದರ ಬುಡ ಊದಿಕೊಂಡಿತ್ತು. "ಪ್ಲೈವುಡ್ ಅಂದ್ರೆ ಬಿಸ್ಕುಟ್ ಭಾವ. ನೀರ್ ಕಂಡ್ರೆ ಕರಗತ್ತ್. ಮಾಡ್ಸುದಾರೆ ಗಟ್ಟಿ ಮರದಂಗೇ ಮಾಡ್ಸಿ," ಎಂದಿದ್ದರು.

ನಾನು ಗ್ರಾಫ್ ಹಾಳೆ ತಂದೆ. ಆರು ಅಡಿ ಉದ್ದ, ಐದು ಅಡಿ ಎತ್ತರ. ಇಪ್ಪತ್ತೊಂಬತ್ತು ಇಂಚಿನ ಟೀವಿಗೆ ನಡುವೆ ಒಂದು ಗೂಡು, ಎಡಬಲದಲ್ಲಿ ಸ್ಪೀಕರುಗಳಿಗೆ ಗೂಡು, ಬೂಮ್ ಬೂಮ್ ಎನ್ನುವ ದೊಡ್ಡ ಡಬ್ಬಕ್ಕೆ ಕೆಳಗೆ ಬಾಗಿಲಿನ ಖಾನೆ. ಮೂರು ಕಡೆಯಿಂದ ಕಂಡಂತೆ ಮೂರು ಚಿತ್ರ ಬರೆದೆ. ಇಷ್ಟು ಚೆಂದದ ಚಿತ್ರವನ್ನು ನಾನು ಬಿ.ಎಡ್. ಪರೀಕ್ಷೆಯಲ್ಲೂ ಬರೆದಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ, ಪೇಟೆಗೆ ಹೋಗಿ ಸಾಗುವಾನಿ ವಿಚಾರಿಸಿ ಬರುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಪ್ರಕಟಿಸಿದೆ.

ಅಪ್ಪಯ್ಯ ಮೀನಿನ ಮುಳ್ಳು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಪೇಟಿಗ್ ಎಂತಕ್ ಹೋಪುದ್? ಮರ ಇತ್ತಲ್ದಾ."

ಅಮ್ಮನ ಕೈಯ ಸೌಟು ನಿಂತಿತು. ಯಾವ ಮರ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಏನೋ ಗೊಣಗಿದೆ. ಅದು ಬೇರೆ ಕೆಲಸಕ್ಕೆ ಇಟ್ಟದ್ದಲ್ಲವೇ ಎಂಬ ಅರ್ಥದ್ದು. ಅವರು ಮುಳ್ಳನ್ನು ತಟ್ಟೆಯ ಅಂಚಿಗಿಟ್ಟು, ಹನ್ನೊಂದು ವರ್ಷ ಒಣಗಿದ ಮರ ನಿನಗೆ ಯಾವ ಪೇಟೆಯಲ್ಲಿ ಸಿಗುತ್ತದೆ ಎಂದು ಕೇಳಿದರು. ನಾನು ಸಾಗುವಾನಿಯನ್ನು ಸಮೀಕರಣದಿಂದ ಹೊಡೆದುಹಾಕಿ ಊಟ ಮುಂದುವರಿಸಿದೆ.

ಅಂದು ರೂಮಿನಲ್ಲಿ ನನ್ನ ಹೆಂಡತಿ ಹೇಳಿದ್ದು ಒಂದೇ ಮಾತು. ಮಾವಯ್ಯ ದೋಣಿಯನ್ನು ಬಿಟ್ಟುಕೊಟ್ಟರೋ, ಇಲ್ಲಾ ನಿಮ್ಮ ಟೀವಿಯ ನೆಪದಲ್ಲಿ ಕಟ್ಟಿಸಿಕೊಳ್ಳುತ್ತಿದ್ದಾರೋ, ಅದನ್ನು ಮೊದಲು ತಿಳಿದುಕೊಳ್ಳಿ ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಆಚಾರ್ರು ಬಂದರು. ೧೯೯೭ರಲ್ಲಿ ವೀಳ್ಯ ತೆಗೆದುಕೊಂಡವರೇ. ಫೈಬರ್ ಬಂದ ಮೇಲೆ ಅವರು ಹೊಟ್ಟೆಪಾಡಿಗೆ ಬಾಗಿಲು, ಕಿಟಕಿ ಮಾಡುತ್ತಿದ್ದರು. ಆದರೆ ಬಾಗಿಲೆಂದರೆ ಅವರಿಗೆ ತಾತ್ಸಾರ. ನಿಂತಲ್ಲೇ ನಿಂತಿರುವ ಸಾಮಾನಿಗೆ ಎಂತ ಕೌಶಲ ಬೇಕು ಎನ್ನುವವರು. ಅವರು ಪೇರಿಸಿಟ್ಟ ಹಲಗೆಗಳ ಬಳಿ ಹೋಗಿ ಮೇಲಿನದರ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತರು. ಅಪ್ಪಯ್ಯನೂ ಹೋಗಿ ಪಕ್ಕದಲ್ಲಿ ನಿಂತರು. ನಾನು ಗ್ರಾಫ್ ಹಾಳೆ ಕೊಟ್ಟೆ. ಆಚಾರ್ರು ಅದನ್ನು ದೂರ ಹಿಡಿದು ನೋಡಿ, "ಲಾಯ್ಕ್ ಇತ್ ಮಾಷ್ಟ್ರೇ," ಎಂದು ಮೆಚ್ಚಿ, ನಾಲ್ಕಾಗಿ ಮಡಚಿ, ಅದರಲ್ಲಿ ಅಡಿಕೆ ಹೋಳು ಕಟ್ಟಿಕೊಂಡರು.

ಒಳ್ಳೆಯ ದಿನ ನೋಡಿ, ಹೊಳೆಗೆ ಮುಖಮಾಡಿ ತೆಂಗಿನಕಾಯಿ ಒಡೆದು ಕೆಲಸ ಶುರುವಾಯಿತು. ಟೀವಿಯ ಕಪಾಟಿಗೆ ಹೊಳೆಯ ಅನುಮತಿ ಏಕೆ ಎಂದು ನಾನು ಕೇಳಲಿಲ್ಲ. ಮೊದಲ ತಕರಾರು ಬಂದದ್ದು ಉದ್ದದ ಬಗ್ಗೆ. ಹದಿನೆಂಟು ಅಡಿಯ ಹಲಗೆಯನ್ನು ಆರಡಿಗೆ ತುಂಡು ಮಾಡಲು ಆಚಾರ್ರ ಗರಗಸ ಏಳಲಿಲ್ಲ. ಅವರು ಅಪ್ಪಯ್ಯನ ಮುಖ ನೋಡಿದರು, ಅಪ್ಪಯ್ಯ ಹೊಳೆ ನೋಡಿದರು. ನಮ್ಮ ಚಾವಡಿಯ ಗೋಡೆ ಎಷ್ಟುದ್ದ ಎಂದು ಆಚಾರ್ರು ಕೇಳಿದರು. ಹದಿನಾಲ್ಕು ಎಂದೆ. ಹನ್ನೆರಡಕ್ಕೆ ರಾಜಿಯಾಯಿತು. ಆ ರಾಜಿಯಲ್ಲಿ ನನ್ನ ಕಡೆಯಿಂದ ಯಾರೂ ಭಾಗವಹಿಸಿರಲಿಲ್ಲ. ಅಷ್ಟು ಉದ್ದದ್ದು ಐದಡಿ ಎತ್ತರವಾದರೆ ಗಾಳಿಗೆ ಮಗುಚೀತು ಎಂದು ಎತ್ತರವನ್ನು ಎರಡೂವರೆ ಅಡಿಗೆ ಇಳಿಸಿದ್ದೂ ಅವರೇ. ಚಾವಡಿಯಲ್ಲಿ ಎಲ್ಲಿಯ ಗಾಳಿ?

ಎರಡನೆಯ ತಕರಾರು ಆಕಾರದ್ದು. ಒಂದು ವಾರದ ಮೇಲೆ ನೋಡಿದರೆ ಕಪಾಟಿನ ಎಡತುದಿ ಬಲತುದಿಗಿಂತ ಸಪೂರವಾಗಿ, ಸ್ವಲ್ಪ ಮೇಲಕ್ಕೆದ್ದು ಮೂಗು ಮಾಡಿಕೊಂಡಿತ್ತು. ನಾನು ಸಮಾಂತರ ರೇಖೆಗಳ ಪರವಾಗಿ ನಾಲ್ಕು ಮಾತಾಡಿದೆ. ಆಚಾರ್ರು ಮರ ಕೆತ್ತುತ್ತಿದ್ದ ಬಾಚಿಯನ್ನು ಕೆಳಗಿಟ್ಟು, ತರಗತಿಯ ಕೊನೆಯ ಬೆಂಚಿನವನನ್ನು ನಾನು ನೋಡುವ ಹಾಗೆ ನನ್ನನ್ನು ನೋಡಿದರು.

"ಎರಡ್ ತುದಿಯೂ ಒಂದೇ ನಮೂನಿ ಇದ್ರೆ ಅದ್ ಯಾವ್ ಬದಿಗ್ ಹೋಪುದ್ ಮಾಷ್ಟ್ರೇ?"

"ಅದ್ ಎಲ್ಲಿಗೂ ಹೋಪುದಲ್ಲ ಆಚಾರ್ರೇ. ಟೀವಿ ಇಡುಕೆ."

"ಟೀವಿ ಇಡಿ, ಬೇಡ ಅಂದರ್ ಯಾರ್?" ಎಂದು ಅವರು ಮತ್ತೆ ಬಾಚಿ ಎತ್ತಿಕೊಂಡರು. ಅಪ್ಪಯ್ಯ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಿತ್ತು.

ಆ ಬೇಸಗೆಯನ್ನು ಈಗ ನೆನೆದರೆ ದಿನಗಳು ಬೇರೆ ಬೇರೆಯಾಗಿ ಸಿಗುವುದಿಲ್ಲ. ಎಲ್ಲ ಸೇರಿ ಒಂದೇ ಉದ್ದನೆಯ ಮಧ್ಯಾಹ್ನವಾಗಿದೆ. ನಾನು ಚಾವಡಿಯ ತಂಪು ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದೇನೆ. ಹಿತ್ತಲಲ್ಲಿ ಮರ ಹೆರೆಯುವ ಕೀಸುಳಿ ಹೋಗುವ ಸದ್ದು, ಅಲೆ ಮರಳಿನ ಮೇಲೆ ಬಂದು ಹೋದ ಹಾಗೆ, ಒಮ್ಮೆ ಬಂದು, ನಿಂತು, ಮತ್ತೆ ಬರುತ್ತದೆ. ಹೊಳೆಯ ಬೆಳಕು ಕಿಟಕಿಯಿಂದ ಒಳಗೆ ನುಗ್ಗಿ ಮಾಡಿನ ಹಂಚುಗಳ ಅಡಿಯಲ್ಲಿ ಅಲುಗುತ್ತಿದೆ. ದೂರದಲ್ಲಿ ಐಸ್ ಪ್ಲಾಂಟಿನ ಯಂತ್ರ ಗುಂಯ್ ಎನ್ನುತ್ತಿದೆ. ಹಳದಿ ಸಿಪ್ಪೆ ಸುರುಳಿಗಳು ಗಾಳಿಗೆ ಉರುಳಿಕೊಂಡು ಬಾಗಿಲ ತನಕ ಬಂದು, ಒಳಗೆ ಬರಲೋ ಬೇಡವೋ ಎಂದು ನಿಲ್ಲುತ್ತವೆ. ಅಪ್ಪಯ್ಯ ಮಾತಾಡುತ್ತಿದ್ದಾರೆ, ಆಚಾರ್ರು ಹೂಂಗುಟ್ಟುತ್ತಿದ್ದಾರೆ. ಯಾವ ದೋಣಿ ಯಾವ ವರ್ಷ ಯಾವ ಗಾಳಿಗೆ ಹೇಗೆ ವಾಲಿತು, ಯಾವ ನೀರಿನಲ್ಲಿ ಬಂಗುಡೆ ಯಾವ ಬಣ್ಣಕ್ಕೆ ತಿರುಗಿತು. ಮನೆಯಲ್ಲಿ ದಿನಕ್ಕೆ ಹತ್ತು ಮಾತಾಡುವ ಮನುಷ್ಯ, ಅಲ್ಲಿ ಹಲಗೆಯ ಪಕ್ಕ ಮಣೆ ಹಾಕಿ ಕೂತು ಅಷ್ಟು ಮಾತಾಡಬಲ್ಲರೆಂದು ನನಗೆ ಗೊತ್ತಿರಲಿಲ್ಲ.

ಒಂದು ಸಲ ಅದೇ ಸದ್ದಿನಲ್ಲಿ ನಿದ್ದೆ ಹತ್ತಿ ಒಂದು ಕನಸೂ ಬಿತ್ತು. ನಮ್ಮ ಚಾವಡಿಯೇ ಹೊಳೆಗೆ ಇಳಿದಿದೆ. ಹೆಂಡತಿ ಒಂದು ತುದಿಯಲ್ಲಿ ಈರುಳ್ಳಿ ಕೊಚ್ಚುತ್ತಿದ್ದಾಳೆ. ನಾನು ರಿಮೋಟ್ ಹಿಡಿದು ಚುಕ್ಕಾಣಿ ತಿರುಗಿಸಲು ನೋಡುತ್ತಿದ್ದೇನೆ, ಅದು ಸದ್ದನ್ನು ಮಾತ್ರ ಹೆಚ್ಚುಕಮ್ಮಿ ಮಾಡುತ್ತಿದೆ. ಅಪ್ಪಯ್ಯ ಮುಂದೆ ನಿಂತು ಅಳಿವೆಯ ಕಡೆ ನೋಡುತ್ತಿದ್ದಾರೆ, ಮಂಡಿ ನೋವಿಲ್ಲದವರ ಹಾಗೆ. ಎಚ್ಚರವಾದಾಗ ನನಗೆ ನಾಚಿಕೆಯಾಯಿತು. ಯಾಕೆಂದು ತಿಳಿಯಲಿಲ್ಲ.

ಹಲಗೆಗಳ ಸಂದಿಗೆ ಆಚಾರ್ರು, ದೋಣಿಗೆ ಮಾಡುವಂತೆಯೇ, ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಉಳಿಯಿಂದ ತುಂಬಿದರು. ಕೊನೆಗೆ ನಾನು ಪೇಟೆಯಿಂದ ತಂದ ಪಾಲಿಶಿನ ಡಬ್ಬವನ್ನು ಬದಿಗೆ ಸರಿಸಿ, ಒಳಗೂ ಹೊರಗೂ ಮೀನೆಣ್ಣೆ ಹಚ್ಚಿದರು. ಮರ ಜೇನಿನ ಬಣ್ಣಕ್ಕೆ ತಿರುಗಿ ಒಳಗಿನಿಂದ ದೀಪ ಹಚ್ಚಿದಂತಾಯಿತು, ಅದು ಸತ್ಯ. ಗಂಗೊಳ್ಳಿಯ ಸಮಸ್ತ ಬೆಕ್ಕುಗಳೂ ನಮ್ಮ ಹಿತ್ತಲಲ್ಲಿ ಮೂರು ದಿನಗಳ ಸಮ್ಮೇಳನ ನಡೆಸಿದವು ಎಂಬುದೂ ಸತ್ಯ. ಬಂದರಿನಿಂದ ಎಂಟು ಜನ ಬಂದು, ದೋಣಿ ಎಳೆಯುವಾಗ ಹಾಕುವ ಕೂಗನ್ನೇ ಹಾಕುತ್ತ ಅದನ್ನು ಚಾವಡಿಗೆ ಹೊತ್ತರು. ಬೇಲಿಯಾಚೆಯಿಂದ ನೆರೆಮನೆಯವರು ಕೂಗಿ ಕೇಳಿದರು: "ಹ್ವಾಯ್, ಯಾವತ್ ನೀರಿಗ್ ಇಳ್ಸುದ್?" ಹೊತ್ತವರೆಲ್ಲ ನಕ್ಕರು. ಅಪ್ಪಯ್ಯ ನಗಲಿಲ್ಲ. ಆ ಪ್ರಶ್ನೆಯನ್ನು ಅವರು ಪ್ರಶ್ನೆಯೆಂದೇ ತೆಗೆದುಕೊಂಡ ಹಾಗಿತ್ತು. ಹೆಂಡತಿ ನನ್ನ ಕಡೆ ನೋಡಿದಳು. ಅವಳು ಹೇಳಿದ್ದು ಆಗ ನನಗೆ ಪೂರ್ತಿ ಅರ್ಥವಾಯಿತು. ಅವರು ದೋಣಿಯನ್ನು ಬಿಟ್ಟುಕೊಟ್ಟಿರಲಿಲ್ಲ.

ಮರುದಿನ ಕುಂದಾಪುರದ ಅಂಗಡಿಯವನು ಟೀವಿ, ಐದು ಸ್ಪೀಕರು, ಒಂದು ಡಬ್ಬ ತಂದಿಳಿಸಿದ. ಕಪಾಟಿನ ಸುತ್ತ ಎರಡು ಸುತ್ತು ಬಂದ. ಬಗ್ಗಿ ನೋಡಿದ. ಖಾನೆಯ ಬಾಗಿಲು ತೆಗೆದು ಟಾರ್ಚು ಹಾಕಿದ. ಆಮೇಲೆ ಅತ್ಯಂತ ವಿನಯದಿಂದ, ವಯರು ಹೋಗಲು ತೂತು ಎಲ್ಲಿ ಎಂದು ಕೇಳಿದ.

ತೂತು ಇರಲಿಲ್ಲ. ಹನ್ನೆರಡಡಿಯ ಆ ಮಹಾಕೃತಿಯಲ್ಲಿ ಒಂದು ಸೂಜಿ ತೂರುವಷ್ಟೂ ಸಂದಿಯಿರಲಿಲ್ಲ. ಬಾಗಿಲು ಹಾಕಿದರೆ ಒಳಗಿನ ಗಾಳಿ ಹೊರಗೆ ಬರುತ್ತಿರಲಿಲ್ಲ. ನೀರಿನ ಮಾತು ಬಿಡಿ. ಅದೇನು ದೊಡ್ಡ ವಿಷಯ, ಹಿಂದಿನ ಹಲಗೆಯಲ್ಲಿ ಕೆಳಗೆ ಒಂದು ತೂತು ಕೊರೆದರಾಯಿತು ಎಂದೆ ನಾನು. ಪಕ್ಕದಲ್ಲಿ ನಿಂತಿದ್ದ ಆಚಾರ್ರ ಮುಖ ಬಿಳಿಚಿತು.

"ನಲ್ವತ್ ವರ್ಷ ನಾನ್ ತೂತ್ ಮುಚ್ಚಿದಂವ. ಕೊರ್ದ್ ಹಾಂಗೇ ಬಿಟ್ಟಿಕ್ಕ್ ಹೋಪುದ್ ನನ್ ಕೈಯಂಗ್ ಆತಿಲ್ಲೆ ಮಾಷ್ಟ್ರೇ. ಅದೂ ಅಡಿ ಹಲಗಿಗೆ."

ಇಷ್ಟು ಮೊಳೆ ಹೊಡೆದಿದ್ದೀರಲ್ಲ, ಅವೆಲ್ಲ ತೂತಲ್ಲವೇ ಎಂದು ನಾನು ತರ್ಕ ಹೂಡಿದೆ. ಅವರ ಶಾಸ್ತ್ರ ಸ್ಪಷ್ಟವಾಗಿತ್ತು: ಮೊಳೆ ಹೋದ ತೂತು ತೂತಲ್ಲ. ತೆರೆದುಕೊಂಡೇ ಇರುವುದು ತೂತು. ಅದನ್ನು ಮಾಡಿದ ಆಚಾರಿಯ ಕೈಯಿಂದ ಇನ್ನು ಮುಂದೆ ಯಾರೂ ಕೆಲಸ ತೆಗೆದುಕೊಳ್ಳಬಾರದು. ಅಂಗಡಿಯವನು ವಯರನ್ನು ಬಾಗಿಲ ಮೂಲಕ ಮುಂದಿನಿಂದಲೇ ತರಬಹುದು ಎಂದ; ಹಾಗೆ ಮಾಡಿದರೆ ಬಾಗಿಲು ಹಾಕಲಾಗುವುದಿಲ್ಲ ಎಂದೂ ಅವನೇ ಹೇಳಿದ. ಇದೆಲ್ಲ ನಡೆಯುವಾಗ ಅಪ್ಪಯ್ಯ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದರು. ಅವರು ಒಂದು ಮಾತು ಹೇಳಿದ್ದರೆ ಆಚಾರ್ರು ಒಪ್ಪುತ್ತಿದ್ದರು. ಅವರು ಹೇಳಲಿಲ್ಲ.

ಮೂರು ದಿನ ಟೀವಿ ರಟ್ಟಿನ ಪೆಟ್ಟಿಗೆಯೊಳಗೇ ಇತ್ತು. ಅದರ ಮೇಲೆ ಅಮ್ಮ ಹಪ್ಪಳದ ಮರಿಗೆ ಇಟ್ಟಳು. ಆಚಾರ್ರು ದಿನಾ ಬೆಳಿಗ್ಗೆ ಬಂದು, ಕೆಲಸವೇನೂ ಇಲ್ಲದಿದ್ದರೂ ಉಳಿಗಳನ್ನು ಮಸೆದು, ಚಹಾ ಕುಡಿದು ಹೋಗುತ್ತಿದ್ದರು. ಮೂರನೆಯ ದಿನ ನಾನು ಶಾಲೆಯ ಜವಾನನಿಂದ ಕರೆಂಟಿನ ಡ್ರಿಲ್ಲು ಕೇಳಿ ತಂದೆ. ಐದು ನಿಮಿಷದ ಕೆಲಸ. ಹೆಂಡತಿ ಅದನ್ನು ನೋಡಿ, ಸೊಪ್ಪು ಬಿಡಿಸುತ್ತಲೇ ಹೇಳಿದಳು:

"ಕೊರೂದಾರೆ ಕೊರೀನಿ. ಮಾವಯ್ಯ ಅಲ್ಲೇ ಕೂಕಂಡಿದ್ರ್. ಅವ್ರ್ ಮೊಕ ಕಂಡ್ಕಂಡ್ ಕೊರೀನಿ, ಮತ್ತೆ."

ನಾನು ಡ್ರಿಲ್ಲನ್ನು ಅಟ್ಟದ ಮೇಲಿಟ್ಟೆ. ಟೀವಿ ಬೇಡ, ಕಪಾಟಿನಲ್ಲಿ ಪುಸ್ತಕ ಇಡೋಣ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ, ಹೆಲಿಕಾಪ್ಟರಿಗೆ ವಿದಾಯ ಹೇಳಿದೆ. ಒಬ್ಬ ಮನುಷ್ಯನ ಬಳಿ ಇರುವ ಒಂದೇ ದೋಣಿಗೆ ಅವನ ಮಗನೇ ತೂತು ಕೊರೆಯುವುದು ಯಾವ ಹೋಮ್ ಥಿಯೇಟರಿನಲ್ಲೂ ನೋಡುವಂಥ ದೃಶ್ಯವಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ, ಚಹಾ ಕುಡಿದು ಲೋಟ ಕೆಳಗಿಟ್ಟ ಅಪ್ಪಯ್ಯ ಎದ್ದು ನಿಂತರು.

"ಆಚಾರ್ರೇ, ಬೈರಿಗಿ ಕೊಡಿ ಕಾಂಬ."

ಆಚಾರ್ರು ಚೀಲದಿಂದ ಬೈರಿಗೆ ತೆಗೆದು, ಅದರ ಮೊನೆಯನ್ನು ಹೆಗಲ ಮೇಲಿನ ಬೈರಾಸಿನಿಂದ ಒರೆಸಿ, ಎರಡೂ ಕೈಯಲ್ಲಿ ಕೊಟ್ಟರು. ಕೊಟ್ಟು, ಕಿಟಕಿಯ ಬಳಿ ಹೋಗಿ ಹೊಳೆಯ ಕಡೆ ಮುಖ ಮಾಡಿ ನಿಂತರು. ಅಪ್ಪಯ್ಯ ಕಷ್ಟಪಟ್ಟು ಎಡಗಾಲು ಚಾಚಿ ನೆಲಕ್ಕೆ ಕೂತರು. ಕೆಳಗಿನ ಖಾನೆಯ ಬಾಗಿಲು ತೆಗೆದು, ಎಲ್ಲಿ ಎಂದು ಕೇಳಿದರು. ನಾನು ತೋರಿಸಿದೆ. ವಯರನ್ನು ಕೇಳಿ ತೆಗೆದುಕೊಂಡು ಹೆಬ್ಬೆರಳಿನ ಪಕ್ಕ ಹಿಡಿದು ದಪ್ಪ ನೋಡಿದರು. ಆಮೇಲೆ ಬೈರಿಗೆಯ ಮೊನೆ ಊರಿ ತಿರುಗಿಸತೊಡಗಿದರು.

ಹೆಬ್ಬಲಸು ಸುಲಭಕ್ಕೆ ಬಿಟ್ಟುಕೊಡುವ ಮರವಲ್ಲ. ಅವರು ನಿಧಾನವಾಗಿ, ಅವಸರವಿಲ್ಲದೆ, ನಡುನಡುವೆ ನಿಂತು ಉಸಿರು ತೆಗೆದುಕೊಂಡು ಕೊರೆದರು. ಹಳದಿ ಪುಡಿ ಅವರ ಪಂಚೆಯ ಮೇಲೆ ಉದುರಿತು. ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು, ಮುಂದೆ ಬರಲಿಲ್ಲ. ಬೈರಿಗೆ ಆ ಕಡೆಗೆ ದಾಟಿದಾಗ ಸಣ್ಣದೊಂದು ಸದ್ದಾಯಿತು. ಕಿಟಕಿಯ ಬಳಿ ಆಚಾರ್ರ ಭುಜ ಒಮ್ಮೆ ಅಲುಗಿತು.

ಅಪ್ಪಯ್ಯ ಬಾಯಿಂದ ಪುಡಿ ಊದಿ, ಬಗ್ಗಿ, ತೂತಿಗೆ ಕಣ್ಣಿಟ್ಟು ನೋಡಿದರು.

"ಎಂತ ಕಾಂತ್?" ಎಂದು ಆಚಾರ್ರು ತಿರುಗದೆಯೇ ಕೇಳಿದರು.

"ಗೋಡಿ," ಎಂದರು ಅಪ್ಪಯ್ಯ. ಇನ್ನೊಮ್ಮೆ ನೋಡಿದರು, ತಪ್ಪಿರಬಾರದಲ್ಲ ಎಂದು. "ಮನಿ ಗೋಡಿಯೇ."

ಆಮೇಲೆ ವಯರನ್ನು ಅವರೇ ತೂರಿಸಿದರು. ಆಚಾರ್ರು ಬಂದು ಪಕ್ಕದಲ್ಲಿ ಕೂತು, ಯಾರೂ ಹೇಳದೆ, ವಯರಿನ ಸುತ್ತ ಉಳಿದ ಕೂದಲೆಳೆಯ ಸಂದಿಗೆ ಎಣ್ಣೆಯ ಹತ್ತಿಯನ್ನು ಉಳಿಯ ಮೊನೆಯಿಂದ ಒತ್ತಿದರು. ಮುಂದೆ ಅದು ಹಾಳಾದರೆ ವಯರು ಎಳೆಯಲಾಗುವುದಿಲ್ಲ ಎಂದು, ಟೀವಿಯ ಕತೆ ಏನಾಯಿತೆಂದು ಕೇಳಲು ಅಷ್ಟರಲ್ಲಿ ಬಂದಿದ್ದ ಅಂಗಡಿಯವನು ಹೇಳಹೊರಟ. ನಾನು ಅವನ ತೋಳು ಹಿಡಿದು ಸುಮ್ಮನಿರಿಸಿದೆ.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಜೋಡಣೆಯಾಯಿತು. ಐದು ಸ್ಪೀಕರುಗಳು ಐದು ದಿಕ್ಕಿನಲ್ಲಿ ಕೂತವು. ಅಪ್ಪಯ್ಯನನ್ನು ನಟ್ಟನಡುವೆ ಕುರ್ಚಿ ಹಾಕಿ ಕೂರಿಸಿದೆವು. ನಾನು ಹೆಲಿಕಾಪ್ಟರಿನ ಸಿನಿಮಾವನ್ನು ತಂದಿಟ್ಟಿದ್ದೆ. ಆದರೆ ಅಂಗಡಿಯವನು ಸುಮ್ಮನೆ ಪರೀಕ್ಷೆಗೆಂದು ಟೀವಿ ಹಾಕಿದಾಗ ಬಂದದ್ದು ವಾರ್ತೆ. ವಾರ್ತೆ ಓದುವ ಹೆಣ್ಣುಮಗಳ ದನಿ ಮುಂದಿನಿಂದ, ಹಿಂದಿನಿಂದ, ಎರಡೂ ಕಿವಿಯ ಬದಿಯಿಂದ ಆಕಾಶವಾಣಿಯ ಅಪ್ಪಣೆಯಂತೆ ಚಾವಡಿಯನ್ನು ತುಂಬಿತು. ಕರಾವಳಿಯಲ್ಲಿ ಗಾಳಿ ಜೋರಾಗಿದೆ. ಅಲೆಗಳ ಅಬ್ಬರ ಹೆಚ್ಚಲಿದೆ. ಮೀನುಗಾರರು ಕಡಲಿಗೆ ಇಳಿಯಬಾರದು.

ಅಂಗಡಿಯವನಿಗೆ ಏನೂ ಗೊತ್ತಿಲ್ಲದಿದ್ದರೂ ಅವನ ಕೈ ರಿಮೋಟಿನ ಮೇಲೆ ನಿಂತುಹೋಯಿತು. ಅಪ್ಪಯ್ಯ ಆಕೆಯ ಮಾತು ಮುಗಿಯುವ ತನಕ ಗಮನವಿಟ್ಟು ಕೇಳಿದರು. ಆಮೇಲೆ ಪಂಚೆಯ ಮೇಲಿನ ಮರದ ಪುಡಿಯನ್ನು ಕೊಡವಿದರು.

"ಆಯ್ತ್ ಮಾರಾಯ್ತಿ," ಎಂದರು ಟೀವಿಗೆ. "ಹೋಪುದಿಲ್ಲೆ."